ಗಾಯ ತಾನೇ ಮಾಯುತ್ತದೆ, ನಾವು ಅಡ್ಡ ಬರಬಾರದು

(ಶಿಗ್ಗಾಂವದಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಈ ಗೋಷ್ಠಿಯಲ್ಲಿ ಮಾತನಾಡಲು ನನ್ನನ್ನು ಕರೆದಾಗ ಮೊದಲು ಸಂಕೋಚವಾಯಿತು. ಏಕೆಂದರೆ ನಾನು ವೈದ್ಯನಲ್ಲ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಮೂವತ್ತು ವರ್ಷ ನಿಂತು ಗಾಯ ತೊಳೆದು ಪಟ್ಟಿ ಕಟ್ಟಿದವನು. ಕುಡುಗೋಲು ತಾಗಿದ ಕೈ, ಮುಳ್ಳು ನಟ್ಟ ಅಂಗಾಲು, ಸೈಕಲ್ಲಿನಿಂದ ಬಿದ್ದ ಮಕ್ಕಳ ಮೊಣಕಾಲು, ಬೈಕಿನ ಸೈಲೆನ್ಸರ್ ತಾಗಿ ಸುಟ್ಟ ಮೀನಖಂಡ, ಬಾಣಂತಿಯ ಹೊಟ್ಟೆಯ ಹೊಲಿಗೆ, ಇವೇ ನನ್ನ ಪಾಠಶಾಲೆ. ಅಲ್ಲಿ ಕಲಿತದ್ದನ್ನು ಹೇಳಿರೆಂದು ಸಂಸ್ಥೆಯವರು ಕೇಳಿದರು. ಅದನ್ನಷ್ಟೇ ಹೇಳುತ್ತೇನೆ. ದೊಡ್ಡ ರೋಗಗಳ ಬಗ್ಗೆ ಮಾತನಾಡಲು ದೊಡ್ಡವರಿದ್ದಾರೆ. ನಾನು ಮಾತನಾಡುವುದು ಸಣ್ಣ ಗಾಯದ ಬಗ್ಗೆ, ಮತ್ತು ಆ ಸಣ್ಣ ಗಾಯ ನಮ್ಮದೇ ಮನೆಯಲ್ಲಿ ಹೇಗೆ ದೊಡ್ಡದಾಗುತ್ತದೆ ಎಂಬುದರ ಬಗ್ಗೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಗಾಯವನ್ನು ಮಾಯಿಸುವುದು ಮುಲಾಮು ಅಲ್ಲ, ಪುಡಿ ಅಲ್ಲ, ಪಟ್ಟಿ ಕಟ್ಟುವ ನನ್ನ ಕೈಯೂ ಅಲ್ಲ. ಗಾಯ ಮಾಯುವುದು ಒಳಗಿನಿಂದ. ಆ ಶಕ್ತಿಯನ್ನು ದೇವರು ನಮ್ಮ ದೇಹದಲ್ಲಿಯೇ ಇಟ್ಟಿದ್ದಾನೆ. ಚರ್ಮ ಹರಿದ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದೆ. ಆಮೇಲೆ ಎರಡು ಮೂರು ದಿನ ಅಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಬಾವು, ಸ್ವಲ್ಪ ಬಿಸಿ ಕಾಣುತ್ತದೆ. ಇದಕ್ಕೆ ಹೆದರಬೇಕಿಲ್ಲ. ರಕ್ತದ ಬಿಳಿ ಕಣಗಳು ಬಂದು ಕೊಳೆಯನ್ನೂ ಸತ್ತ ಭಾಗವನ್ನೂ ತೆಗೆಯುತ್ತಿರುತ್ತವೆ. ಅದಾದ ಮೇಲೆ ಎರಡು ಮೂರು ವಾರ ಹೊಸ ಮಾಂಸ ತುಂಬುತ್ತದೆ, ಅಂಚಿನಿಂದ ಹೊಸ ಚರ್ಮ ಹರಿದು ಬರುತ್ತದೆ. ಕೊನೆಗೆ ತಿಂಗಳುಗಟ್ಟಲೆ ಒಳಗೊಳಗೇ ಗಟ್ಟಿಯಾಗುತ್ತದೆ. ಮೂರು ವಾರದ ಗಾಯ ಹೊರಗೆ ಮುಚ್ಚಿದಂತೆ ಕಂಡರೂ ಅದಕ್ಕೆ ಮೊದಲಿನ ಚರ್ಮದ ಐದನೆಯ ಒಂದು ಪಾಲಿನಷ್ಟೇ ಬಲ ಬಂದಿರುತ್ತದೆ. ಪೂರ್ತಿ ಮೊದಲಿನ ಬಲ ಎಂದೂ ಬರುವುದಿಲ್ಲ. ಹೊಲಿಗೆ ಬಿಚ್ಚಿದ ಮರುದಿನವೇ ಗೋಣಿಚೀಲ ಹೊತ್ತವರು ಮತ್ತೆ ನನ್ನ ಕೋಣೆಗೆ ಬರುತ್ತಿದ್ದುದು ಇದೇ ಕಾರಣಕ್ಕೆ.

ಹಾಗಾದರೆ ನಮ್ಮ ಕೆಲಸ ಏನು? ದೇಹ ತನ್ನ ಕೆಲಸ ಮಾಡುವಾಗ ಅಡ್ಡ ಬಾರದೆ ಇರುವುದು. ಇದು ಸುಲಭ ಎಂದು ತೋರುತ್ತದೆ. ಆದರೆ ನಾವು ಮಾಡುವುದೆಲ್ಲ ಇದಕ್ಕೆ ವಿರುದ್ಧ.

ಗಾಯವಾದ ಕೂಡಲೇ ನಮ್ಮ ಮನೆಗಳಲ್ಲಿ ಏನೇನು ಹಾಕುತ್ತಾರೆ ನೆನಪು ಮಾಡಿಕೊಳ್ಳಿ. ಅರಿಶಿನ, ಸುಣ್ಣ, ತಂಬಾಕು, ನಶ್ಯ, ಚಹಾಪುಡಿ, ಒಲೆಯ ಬೂದಿ, ಸೀಮೆಎಣ್ಣೆ. ಸುಟ್ಟರೆ ಟೂತ್‌ಪೇಸ್ಟ್, ಶಾಯಿ. ನಾಯಿ ಕಚ್ಚಿದರೆ ಖಾರದ ಪುಡಿ. ಹೊಲದಲ್ಲಿದ್ದರೆ ಬದುವಿನ ಮೇಲಿನ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ರಸ ಹಿಂಡುತ್ತಾರೆ. ಆ ಅಂಗೈ ಅದಕ್ಕೂ ಮುಂಚೆ ಸಗಣಿ ಮುಟ್ಟಿರುತ್ತದೆ. ಕಲಿತವರ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಔಷಧಿ ಅಂಗಡಿಯಿಂದ ಎರಡು ಬಣ್ಣದ ಕ್ಯಾಪ್ಸೂಲ್ ತಂದು, ಬಿಚ್ಚಿ, ಒಳಗಿನ ಪುಡಿಯನ್ನು ಗಾಯದ ಮೇಲೆ ಉದುರಿಸುವುದು.

ಇದರಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ. ತಾಯಿ ಅರಿಶಿನ ಹಚ್ಚುವುದು ಮಮತೆಯಿಂದಲೇ. ಆದರೆ ಪರಿಣಾಮ ನೋಡಿ. ಅಡುಗೆಮನೆಯ ಡಬ್ಬಿಯ ಪುಡಿ ಶುದ್ಧವಾಗಿರುವುದಿಲ್ಲ. ಅಂಗಡಿಯ ಅರಿಶಿನದಲ್ಲಿ ಬಣ್ಣ ಬೆರೆತಿರಲೂಬಹುದು. ಪುಡಿ ಗಾಯದ ರಸದ ಜೊತೆ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ಕೀವು ತುಂಬುತ್ತದೆ. ಅರಿಶಿನದ ಹಳದಿಯಲ್ಲಿ ಗಾಯದ ನಿಜವಾದ ಬಣ್ಣವೇ ಕಾಣದು. ಸುಣ್ಣವಂತೂ ಹಸಿ ಚರ್ಮವನ್ನು ಸುಡುತ್ತದೆ. ಸಗಣಿ ಮತ್ತು ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಕ್ಯಾಪ್ಸೂಲಿನ ಪುಡಿ ಗಾಯದ ಆಳಕ್ಕೆ ಇಳಿಯುವುದಿಲ್ಲ. ಮೇಲಿನ ಕೆಲವು ರೋಗಾಣುಗಳನ್ನು ಕೊಂದು ಉಳಿದವುಗಳಿಗೆ ಆ ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಸುತ್ತದೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದಾಗಲೇ, ಅರೆಬರೆ ಪ್ರಮಾಣದ ಔಷಧಿಯಿಂದ ರೋಗಾಣುಗಳು ಗಟ್ಟಿಯಾಗುತ್ತವೆ ಎಂದು ಎಚ್ಚರಿಸಿದ್ದರು.

ಹಾಗಾದರೆ ಏನು ಮಾಡಬೇಕು? ವಿದ್ಯಾರ್ಥಿಗಳೇ, ನೀವು ಬರೆದುಕೊಂಡರೂ ಸರಿ. ನಾಲ್ಕೇ ಮಾತು: ಒತ್ತು, ತೊಳೆ, ಮುಚ್ಚು, ನೋಡು.

ಮೊದಲನೆಯದು ಒತ್ತು. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಮಡಿಚಿ ಗಾಯದ ಮೇಲಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ನಡುನಡುವೆ ತೆಗೆದು "ನಿಂತಿತೇ" ಎಂದು ನೋಡಬಾರದು; ನೋಡಿದ ಪ್ರತಿ ಸಾರಿ ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತು ಹೋಗುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಿ. ಕೈ ಕಾಲು ಆದರೆ ಎತ್ತರಕ್ಕೆ ಹಿಡಿಯಿರಿ. ಹತ್ತು ನಿಮಿಷದ ಮೇಲೂ ನಿಲ್ಲದಿದ್ದರೆ, ಅಥವಾ ರಕ್ತ ಚಿಮ್ಮುತ್ತಿದ್ದರೆ, ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನು ಮಾಡಿ.

ಎರಡನೆಯದು ತೊಳೆ. ಮೊದಲು ನಿಮ್ಮ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವ ವೈದ್ಯರೆಲ್ಲ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟುಮಾಡಿದ. ಬಾಣಂತಿಯರ ಸಾವು ತಟ್ಟನೆ ಇಳಿಯಿತು. ಆತನ ಮಾತನ್ನು ಆ ಕಾಲದ ದೊಡ್ಡ ವೈದ್ಯರು ನಂಬಲಿಲ್ಲ. ನಾವೂ ಇನ್ನೂ ಪೂರ್ತಿ ನಂಬಿಲ್ಲವೆಂದು ಕಾಣುತ್ತದೆ. ಕೈ ತೊಳೆದ ಮೇಲೆ, ಕುಡಿಯಲು ಯೋಗ್ಯವಾದ ನೀರನ್ನು ಗಾಯದ ಮೇಲೆ ಧಾರೆಯಾಗಿ ಸುರಿಯಿರಿ. ಬೋರಿನ ನೀರಿನ ಬಗ್ಗೆ ಸಂಶಯವಿದ್ದರೆ ಕುದಿಸಿ ಆರಿಸಿ ಬಳಸಿ. ಐದು ನಿಮಿಷ ತೊಳೆದರೂ ತಪ್ಪಿಲ್ಲ. ಮಣ್ಣು, ಹರಳು ಕಾಣದಷ್ಟು ಹೋಗಬೇಕು. ಸಾಬೂನು ಗಾಯದ ಸುತ್ತಲಿನ ಚರ್ಮಕ್ಕೆ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಇವನ್ನು ಹಸಿಗಾಯಕ್ಕೆ ಹಾಕಬೇಡಿ. "ಉರಿದರೆ ಔಷಧಿ ಹಿಡಿಯಿತು" ಎಂದು ನಮ್ಮಲ್ಲಿ ಹೇಳುತ್ತಾರೆ. ಉರಿಯುವಾಗ ರೋಗಾಣುಗಳ ಜೊತೆಗೆ ಆಗಷ್ಟೇ ಹುಟ್ಟುತ್ತಿರುವ ಹೊಸ ಚರ್ಮವೂ ಸಾಯುತ್ತದೆ.

ಮೂರನೆಯದು ಮುಚ್ಚು. "ಗಾಯಕ್ಕೆ ಗಾಳಿ ಆಡಬೇಕು, ಒಣಗಬೇಕು" ಎಂಬುದು ನಮ್ಮ ಗಟ್ಟಿ ನಂಬಿಕೆ. ನಾನೂ ಹೊಸದರಲ್ಲಿ ಹಾಗೆಯೇ ತಿಳಿದಿದ್ದೆ. ಆದರೆ 1962ರಲ್ಲಿಯೇ ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಹಂದಿಯ ಚರ್ಮದ ಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆಯಿತು. ಕಾರಣ ಸರಳ. ಒಣಗಿ ಹಕ್ಕಳೆ ಕಟ್ಟಿದರೆ ಹೊಸ ಚರ್ಮ ಅದರ ಕೆಳಗೆ ದಾರಿ ಕೊರೆದುಕೊಂಡು ಹೋಗಬೇಕು. ಹಸಿ ಇದ್ದರೆ ನೇರವಾಗಿ ಹರಿದು ಹೋಗುತ್ತದೆ. ಹದವಿದ್ದ ನೆಲದಲ್ಲಿ ಬೀಜ ಮೊಳೆಯುವುದಕ್ಕೂ ಹೆಪ್ಪುಗಟ್ಟಿದ ನೆಲದಲ್ಲಿ ಮೊಳೆಯುವುದಕ್ಕೂ ಇರುವ ವ್ಯತ್ಯಾಸ ರೈತರಿಗೆ ಹೇಳಬೇಕಿಲ್ಲ.

ಆದ್ದರಿಂದ ತೊಳೆದ ಸಣ್ಣ ಗಾಯದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ, ಮೇಲೆ ಸ್ವಚ್ಛವಾದ ಗಾಜ್ ಇಟ್ಟು ಹಗುರವಾಗಿ ಪಟ್ಟಿ ಕಟ್ಟಿ. ಹತ್ತಿಯನ್ನು ನೇರವಾಗಿ ಗಾಯದ ಮೇಲೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಗಾಜ್ ಇಲ್ಲದಿದ್ದರೆ ಹಳೆಯ ಬಿಳಿ ನೂಲಿನ ಬಟ್ಟೆಯನ್ನು ಒಗೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಸ್ವಚ್ಛ ಡಬ್ಬಿಯಲ್ಲಿ ತುಂಡು ಮಾಡಿ ಇಟ್ಟುಕೊಂಡರೆ ಸಾಕು. ದಿನಕ್ಕೊಮ್ಮೆ, ಅಥವಾ ಪಟ್ಟಿ ತೊಯ್ದಾಗ, ಹೊಲಸಾದಾಗ ಬದಲಿಸಿ. ಅಂಟಿಕೊಂಡಿದ್ದರೆ ಜಗ್ಗಬೇಡಿ, ನೀರು ಹಾಕಿ ನೆನೆಸಿ ಬಿಡಿಸಿ. ಬಡವರ ಗಾಯಕ್ಕೆ ದುಬಾರಿ ಪಟ್ಟಿಯೇ ಬೇಕೆಂದಿಲ್ಲ. ಮುಂಬೈಯ ಸಯನ್ ಆಸ್ಪತ್ರೆಯ ವೈದ್ಯರು ಶುದ್ಧೀಕರಿಸಿದ ಬಾಳೆಎಲೆಯನ್ನೇ ಸುಟ್ಟ ಗಾಯದ ರೋಗಿಗಳಿಗೆ ಪಟ್ಟಿಯಾಗಿ ಬಳಸಿ, ಅದು ಅಂಟುವುದಿಲ್ಲ, ತೆಗೆಯುವಾಗ ನೋಯಿಸುವುದಿಲ್ಲ ಎಂದು 2003ರಲ್ಲಿ ವರದಿ ಮಾಡಿದರು. ಆಸ್ಪತ್ರೆಯಲ್ಲಿ ಶುದ್ಧ ಮಾಡಿದ ಎಲೆಯ ಮಾತಿದು. ಹಿತ್ತಲಿನಿಂದ ಕಿತ್ತು ಕಟ್ಟಬೇಡಿ.

ಇಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬರುತ್ತದೆ. "ಪಟ್ಟಿ ಕಟ್ಟಿದರೆ ವುಜೂ ಹೇಗೆ ಮಾಡುವುದು?" ಇದಕ್ಕಾಗಿ ಪ್ರತಿ ಹೊತ್ತು ಪಟ್ಟಿ ಬಿಚ್ಚಿ ಗಾಯ ತೋಯಿಸಿದವರನ್ನು ನಾನು ಕಂಡಿದ್ದೇನೆ. ನೀರಿನಿಂದ ಗಾಯಕ್ಕೆ ತೊಂದರೆ ಇದ್ದರೆ ಪಟ್ಟಿಯ ಮೇಲೆ ಒದ್ದೆ ಕೈಯಾಡಿಸಿ ಮಸಹ್ ಮಾಡಲು ಅವಕಾಶವಿದೆ. ವಿವರವನ್ನು ನಿಮ್ಮ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಿ.

ನಾಲ್ಕನೆಯದು ನೋಡು. ಇದೇ ಎಲ್ಲಕ್ಕಿಂತ ದೊಡ್ಡದು. ಪಟ್ಟಿ ಬದಲಿಸುವಾಗ ಪ್ರತಿದಿನ ಗಾಯವನ್ನು ಬೆಳಕಿನಲ್ಲಿ ನೋಡಿ. ನಿನ್ನೆಗಿಂತ ಇಂದು ಚಿಕ್ಕದಾಗಿದೆಯೇ? ನೋವು ಕಡಿಮೆಯೇ? ಹಾಗಿದ್ದರೆ ಸರಿ. ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಬಾವು ಬಿಸಿ ಏರುತ್ತಿದ್ದರೆ, ಕೀವು ಅಥವಾ ವಾಸನೆ ಬಂದರೆ, ಕೆಂಪು ಗೆರೆ ಮೇಲಕ್ಕೆ ಹತ್ತಿದರೆ, ಜ್ವರ ಚಳಿ ಬಂದರೆ, ಸುತ್ತಲಿನ ಚರ್ಮ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎರಡು ವಾರವಾದರೂ ಚಿಕ್ಕದಾಗದ ಗಾಯವನ್ನೂ ತೋರಿಸಲೇಬೇಕು. ಇನ್ನು ಕೆಲವು ಗಾಯಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ: ಬಾಯಿ ತೆರೆದ ಆಳವಾದ ಗಾಯ, ಕಣ್ಣಿನ ಹತ್ತಿರದ್ದು, ಕೀಲಿನ ಮೇಲಿನದ್ದು, ಮುಳ್ಳು ಗಾಜು ಒಳಗೇ ಉಳಿದದ್ದು, ಬೆರಳು ಜೋಮು ಹಿಡಿದದ್ದು ಅಥವಾ ಮಡಿಚಲು ಬಾರದ್ದು.

ಸುಟ್ಟ ಗಾಯಕ್ಕೆ ಒಂದು ಮಾತು. ಅಡುಗೆಮನೆಯಲ್ಲಿ ಎಣ್ಣೆ ಸಿಡಿದರೂ, ಸೈಲೆನ್ಸರ್ ತಾಗಿದರೂ, ತಕ್ಷಣ ಇಪ್ಪತ್ತು ನಿಮಿಷ ಸಾದಾ ತಣ್ಣೀರು ಸುರಿಯಿರಿ. ಮಂಜುಗಡ್ಡೆ ಬೇಡ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಬೊಬ್ಬೆ ಒಡೆಯಬೇಡಿ, ಅದು ದೇಹವೇ ಕಟ್ಟಿದ ಪಟ್ಟಿ. ಅಂಗೈಗಿಂತ ದೊಡ್ಡದಾಗಿ ಸುಟ್ಟಿದ್ದರೆ, ಮುಖ, ಕೈ, ಕೀಲು ಸುಟ್ಟಿದ್ದರೆ, ಚಿಕ್ಕ ಮಕ್ಕಳಾದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಯಿ ಕಚ್ಚಿದರೆ, ಉಗುರಿನಿಂದ ಗೀರಿದರೂ ಸರಿ, ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಿರಿ. ಇಲ್ಲಿ ಮಾತ್ರ ಸಾಬೂನು ಗಾಯದ ಒಳಗೂ ಹೋಗಬೇಕು. ಖಾರದ ಪುಡಿ, ಸುಣ್ಣ ಹಚ್ಚಬೇಡಿ, ಬಿಗಿಯಾಗಿ ಕಟ್ಟಬೇಡಿ. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಆರಂಭಿಸಿ, ಹೇಳಿದ ದಿನಗಳಿಗೆ ತಪ್ಪದೆ ಎಲ್ಲ ಸೂಜಿಗಳನ್ನೂ ಮುಗಿಸಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ.

ಧನುರ್ವಾಯುವಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಸೂಜಿ ಬೇಕು ಎಂದುಕೊಂಡಿದ್ದಾರೆ. ರೋಗ ಬರುವುದು ತುಕ್ಕಿನಿಂದಲ್ಲ, ಮಣ್ಣು ಸಗಣಿಯಲ್ಲಿರುವ ರೋಗಾಣುವಿನಿಂದ. ಹೊಸ ಮೊಳೆ, ಜಾಲಿ ಮುಳ್ಳು, ಕುಂಟೆಯ ಕುಡ ಯಾವುದೂ ಅದನ್ನು ಒಳಗೆ ಒಯ್ಯಬಲ್ಲದು. ಮೊದಲಿದ್ದ ಟಿಟಿ ಬದಲಿಗೆ ನಮ್ಮ ದೇಶದ ಲಸಿಕಾ ಕಾರ್ಯಕ್ರಮದಲ್ಲಿ 2019ರಿಂದ ಟಿಡಿ ಎಂಬ ಲಸಿಕೆ ಬಂದಿದೆ. ಅದು ಧನುರ್ವಾಯು ಮತ್ತು ಗಂಟಲಮಾರಿ ಎರಡನ್ನೂ ತಡೆಯುತ್ತದೆ. ವಿದ್ಯಾರ್ಥಿಗಳೇ, 10ನೇ ವಯಸ್ಸಿಗೆ ಒಮ್ಮೆ, 16ನೇ ವಯಸ್ಸಿಗೆ ಒಮ್ಮೆ ನಿಮಗೆ ಇದು ಸಿಗಬೇಕು. ಶಾಲೆಗೆ ಲಸಿಕೆ ಕೊಡಲು ಬಂದ ದಿನ ಹೆದರಿ ಮನೆಯಲ್ಲಿ ಉಳಿಯಬೇಡಿ. ದೊಡ್ಡವರು ಕೊನೆಯ ಸೂಜಿ ಯಾವಾಗ ಆಯಿತೆಂದು ಬರೆದಿಟ್ಟುಕೊಳ್ಳಿ. ಸ್ವಚ್ಛ ಗಾಯವಾದರೆ ಹತ್ತು ವರ್ಷ, ಮಣ್ಣು ಹೊಲಸು ಸೇರಿದ ಗಾಯವಾದರೆ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು.

ಬಂಧುಗಳೇ, ಇಷ್ಟೆಲ್ಲ ಹೇಳಿದವನು ಈಗ ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕು.

ನಮ್ಮ ಅಬ್ಬಾ ಇದೇ ತಾಲ್ಲೂಕಿನ ರೈತರು. ಎರಡು ಎಕರೆ ಹೊಲ, ಗೋವಿನಜೋಳ, ಹತ್ತಿ. ಹೊಲದಲ್ಲಿ ಚಪ್ಪಲಿ ಹಾಕಿದವರೇ ಅಲ್ಲ. "ಭೂಮಿತಾಯಿ ಮ್ಯಾಲೆ ಕೆರವು ಹಾಕ್ಕೊಂಡು ಅಡ್ಯಾಡಬಾರದೋ" ಎನ್ನುತ್ತಿದ್ದರು. ಐವತ್ತನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಗುಳಿಗೆ ಸಿಕ್ಕಾಗ ನುಂಗುವುದು, ಇಲ್ಲದಿದ್ದಾಗ ಇಲ್ಲ. ನಾನು ಆಗ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದೆ. ತಂಗಿಯ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಒಂದು ತಿಂಗಳಿರುವಾಗ ಅವರ ಎಡಗಾಲಿನ ಹೆಬ್ಬೆರಳ ಕೆಳಗೆ ಜಾಲಿ ಮುಳ್ಳು ನಟ್ಟಿತ್ತು. ಅವರೇ ಕಿತ್ತುಹಾಕಿ ಸುಣ್ಣ ತಂಬಾಕು ಹಚ್ಚಿ ಅರಿವೆ ಸುತ್ತಿದ್ದರು. ಅಮ್ಮಿ ಕೇಳಿದರೆ, "ಬ್ಯಾನಿ ಇಲ್ಲ ಏನಿಲ್ಲ, ಏನಾಗಂಗಿಲ್ಲ ಬಿಡು. ಮದುವಿ ಮುಗೀಲಿ" ಎಂದಿದ್ದರು. ನಡುವೆ ನಾನು ಎರಡು ಸಾರಿ ಊರಿಗೆ ಬಂದಿದ್ದೆ. ಛತ್ರ, ಅಡುಗೆಯವರು, ಬಟ್ಟೆ, ಬಂಗಾರ ಇವುಗಳದ್ದೇ ಮಾತು. ದಿನಕ್ಕೆ ನಲವತ್ತು ಜನರ ಕಾಲು ಹಿಡಿದು ಪಟ್ಟಿ ಕಟ್ಟುತ್ತಿದ್ದ ನಾನು ನನ್ನ ಅಬ್ಬಾನ ಕಾಲನ್ನು ಒಮ್ಮೆಯೂ ನೋಡಲಿಲ್ಲ.

ನಿಕಾಹ್ ಮುಗಿದ ಮರುದಿನ ಅವರು ಕುಳಿತಲ್ಲಿ ವಾಸನೆ ಬಂತು. ಅರಿವೆ ಬಿಚ್ಚಿದರೆ ಬೆರಳು ಕಪ್ಪಾಗಿತ್ತು. ಹುಬ್ಬಳ್ಳಿಗೆ ಒಯ್ದೆವು. ಮೊದಲು ಬೆರಳು ತೆಗೆದರು. ಮೂರು ತಿಂಗಳ ಮೇಲೆ ಮೊಣಕಾಲಿನ ಕೆಳಗೆ ಕಾಲೇ ಹೋಯಿತು. ಆಮೇಲೆ ಏಳು ವರ್ಷ ಬದುಕಿದ್ದರು. ಹೊಲಕ್ಕೆ ಮಾತ್ರ ಮತ್ತೆ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಕೇಳುತ್ತಿದ್ದರು: "ಬ್ಯಾನೀನ ಇರಲಿಲ್ಲಲ್ಲೋ, ನನಗ ಹ್ಯಾಂಗ ಗೊತ್ತಾಗಬೇಕಿತ್ತು?"

ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಇಂದು ಇಲ್ಲಿಗೆ ಬಂದದ್ದು. ನೋವಿಲ್ಲದ ಗಾಯವೇ ಅತ್ಯಂತ ಅಪಾಯದ ಗಾಯ.

ಸಕ್ಕರೆ ಕಾಯಿಲೆ ಬಹಳ ವರ್ಷ ಹಿಡಿತ ತಪ್ಪಿದ್ದರೆ ಪಾದದ ನರಗಳು ಸೋಲುತ್ತವೆ. ಕಲ್ಲು ಚುಚ್ಚಿದರೂ, ಬಿಸಿ ತಾಗಿದರೂ ತಿಳಿಯುವುದಿಲ್ಲ. ರಕ್ತನಾಳಗಳು ಕಿರಿದಾಗುವುದರಿಂದ ಗಾಯ ಮಾಯಿಸಲು ಬೇಕಾದ ರಕ್ತ ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ಕಣಗಳೂ ಸೋಮಾರಿಯಾಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಈ ಕಾಯಿಲೆಯಿಂದ ಕಾಲು ಕಳೆದುಕೊಂಡವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನರಲ್ಲಿ ಎಲ್ಲವೂ ಶುರುವಾದದ್ದು ಪಾದದ ಒಂದು ಹುಣ್ಣಿನಿಂದ. ಎಂದರೆ ಆ ಹುಣ್ಣನ್ನು ಮೊದಲ ವಾರದಲ್ಲಿ ಕಂಡಿದ್ದರೆ ಬಹಳಷ್ಟು ಕಾಲುಗಳು ಉಳಿಯುತ್ತಿದ್ದವು.

ಇದನ್ನು ಜಗತ್ತಿಗೆ ಕಲಿಸಿದ್ದು ಕುಷ್ಠರೋಗಿಗಳ ಪಾದಗಳು. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಅವರ ಹುಣ್ಣು ಮಾಯುವುದೇ ಇಲ್ಲ ಎಂದು ಆಗ ಎಲ್ಲರೂ ತಿಳಿದಿದ್ದರು. ಬ್ರ್ಯಾಂಡ್ ಹತ್ತಿರ ಕುಳಿತು ನೋಡಿದರು. ನೋವು ತಿಳಿಯದ ಕಾರಣ ಅವರು ಹುಣ್ಣಿನ ಮೇಲೆಯೇ ಭಾರ ಹಾಕಿ ನಡೆಯುತ್ತಿದ್ದರು. ಪ್ಲಾಸ್ಟರ್ ಕಟ್ಟಿ ಆ ಜಾಗಕ್ಕೆ ಭಾರ ಬೀಳದಂತೆ ಮಾಡಿದಾಗ ಅದೇ "ಕೆಟ್ಟ ಮಾಂಸ" ಎಲ್ಲರ ಮಾಂಸದಂತೆಯೇ ಮಾಯಿತು. ಆ ಬಳಿಕ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಗಳು ಬಂದವು. ದಿನಾ ಪಾದ ನೋಡಿಕೊಳ್ಳುವುದನ್ನು ರೋಗಿಗಳಿಗೆ ಕಲಿಸುವ ಪದ್ಧತಿ ಬೆಳೆಯಿತು. ಸಕ್ಕರೆ ಕಾಯಿಲೆಯ ಪಾದಕ್ಕೂ ಇಂದು ಇದೇ ಉಪಾಯ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರರು ಅಲ್ಲಿನ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯ ವೈದ್ಯರ ಜೊತೆ ಸೇರಿ, ಪಾದದ ಒಂದೇ ಜಾಗಕ್ಕೆ ಭಾರ ಬೀಳದಂತೆ ಹಂಚುವ ಪಾದರಕ್ಷೆಯನ್ನು ರೂಪಿಸಿದ್ದಾರೆ.

ಹಾಗಾದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಏನು ಮಾಡಬೇಕು?

ರಾತ್ರಿ ಮಲಗುವ ಮುನ್ನ ಅವರ ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಬೇಕು. ಅಂಗಾಲು, ಹಿಮ್ಮಡಿ, ಬೆರಳ ಸಂದು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಕಣ್ಣು ಮಂದವಾದವರಿಗೆ ಮಕ್ಕಳು ನೋಡಬೇಕು. ವುಜೂ ಆದ ಮೇಲೆ, ಸ್ನಾನವಾದ ಮೇಲೆ, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಅಲ್ಲಿ ಹಸಿ ನಿಂತರೆ ಚರ್ಮ ಬೆಂದು ಬಿರಿಯುತ್ತದೆ. ಹಿಮ್ಮಡಿಯ ಒಡಕಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು, ಸಂದುಗಳಿಗೆ ಮಾತ್ರ ಹಚ್ಚಬಾರದು. ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸಬಾರದು, ಮೊಣಕೈಯಿಂದ ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಮನೆಯ ಒಳಗೂ ಹೊರಗೂ ಚಪ್ಪಲಿ ಇರಲಿ. ಹಾಕುವ ಮೊದಲು ಒಳಗೆ ಕೈಯಾಡಿಸಿ ಹರಳು ಇದೆಯೇ ನೋಡಲಿ. ಏಪ್ರಿಲ್ ಮೇ ಬಿಸಿಲಿನಲ್ಲಿ ಮಸೀದಿ, ದರ್ಗಾ, ಗುಡಿಯ ಅಂಗಳದ ಕಲ್ಲು ಕಾದಿರುತ್ತದೆ. ಅಲ್ಲಿ ಚಪ್ಪಲಿ ಬಿಡಬೇಕಾದಾಗ ದಪ್ಪ ಕಾಲುಚೀಲ ಇರಲಿ, ನೆರಳಿನ ದಾರಿ ಹಿಡಿಯಲಿ. ಗಾಯ ಕಂಡರೆ ಮನೆಮದ್ದಿನ ಮಾತಿಲ್ಲ. ತೊಳೆದು ಮುಚ್ಚಿ ಅಂದೇ ವೈದ್ಯರಿಗೆ ತೋರಿಸಬೇಕು, ಆ ಕಾಲಿನ ಮೇಲೆ ಭಾರ ಹಾಕಿ ಓಡಾಡಬಾರದು. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ. ಇದ್ದದ್ದೇ ಗೊತ್ತಿಲ್ಲದವರು ಬಹಳ ಜನರಿದ್ದಾರೆ.

ಇನ್ನು ಊಟದ ಮಾತು. ಗಾಯವಾದವರಿಗೆ "ನಂಜಾಗುತ್ತದೆ" ಎಂದು ತತ್ತಿ, ಮಾಂಸ, ಬೇಳೆ, ಶೇಂಗಾ, ಬದನೆ ಎಲ್ಲವನ್ನೂ ಬಿಡಿಸಿ ಗಂಜಿ ಕುಡಿಸುತ್ತಾರೆ. ಗೋಡೆ ಬಿದ್ದ ಮನೆಗೆ ಇಟ್ಟಂಗಿ ಕೊಡದೆ ಕಟ್ಟು ಎಂದಂತಾಯಿತು. ಹೊಸ ಮಾಂಸ ಕಟ್ಟಲು ಪ್ರೋಟೀನ್ ಬೇಕು: ತತ್ತಿ, ಮೀನು, ಮಾಂಸ, ಹಾಲು, ಅವು ಕೊಳ್ಳಲಾಗದಿದ್ದರೆ ಹೆಸರುಕಾಳು, ಮಡಿಕೆಕಾಳು, ತೊಗರಿಬೇಳೆ, ಶೇಂಗಾ. ಸಿ ಜೀವಸತ್ವಕ್ಕೆ ಪೇರಲ, ನೆಲ್ಲಿಕಾಯಿ, ಲಿಂಬು. ಈ ಜೀವಸತ್ವ ಪೂರಾ ತಪ್ಪಿದಾಗ ಹಳೆಯ ಕಾಲದ ಹಡಗಿನ ನಾವಿಕರಿಗೆ ಮಾಯ್ದ ಹಳೆಯ ಗಾಯಗಳೇ ಮತ್ತೆ ಬಾಯಿ ತೆರೆದಿದ್ದವು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು. ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ಮಾತ್ರ ಬಿಡಲೇಬೇಕು. ಅದರೊಳಗಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ನಂಜು ಎನ್ನುವುದಾದರೆ ಅದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮನೆಪಾಠ ಕೊಟ್ಟು ಮುಗಿಸುತ್ತೇನೆ. ನೀವು ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು ತೆಗೆದಿರಿ ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಬೇರೆ. ಇಂದು ರಾತ್ರಿ ಮನೆಗೆ ಹೋಗಿ ನಿಮ್ಮ ಅಬ್ಬಾ, ಅಮ್ಮಿ, ದಾದಾ, ದಾದಿ, ನಾನಿ, ಯಾರಿಗೆ ಸಕ್ಕರೆ ಕಾಯಿಲೆ ಇದೆಯೋ ಅವರ ಪಾದಗಳನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಂಡು ದೀಪದ ಬೆಳಕಿನಲ್ಲಿ ನೋಡಿ. "ಬ್ಯಾಡ ಬಿಡೋ, ಏನಿಲ್ಲ" ಎಂದು ಅವರು ಕಾಲು ಹಿಂದೆ ಎಳೆದುಕೊಳ್ಳುತ್ತಾರೆ. ಬಿಡಬೇಡಿ. ನಾಳೆಯೂ ನೋಡಿ. ಹಿರಿಯರ ಸೇವೆಯೂ ಇದೇ, ನೀವು ಕಲಿತ ವಿದ್ಯೆಯ ಉಪಯೋಗವೂ ಇದೇ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನನಗೆ ಅಂದು ಸಿಗಲಿಲ್ಲ ಎಂದಲ್ಲ, ನಾನು ಕೊಡಲಿಲ್ಲ.